ಹೂಳಿಗೆ ಡಬ್ಬಿ ಚಿಕ್ಕದು, ಚಾಸಿ ಗಟ್ಟಿ: ಪುರಸಭೆಗೆ ಎಂಥ ಸಣ್ಣ ಟಿಪ್ಪರ್ ಬೇಕು?

ಪ್ರಶ್ನೆ: ನಾನು ಮಲೆನಾಡಿನ ಒಂದು ಪುರಸಭೆಯಲ್ಲಿ ಕಿರಿಯ ಎಂಜಿನಿಯರ್. ಊರಿನ ಜನಸಂಖ್ಯೆ ಸುಮಾರು 26,000, ವಾರ್ಡ್ 23. ಮನೆ ಮನೆ ಕಸಕ್ಕೆ ಆರು ಆಟೋ ಟಿಪ್ಪರ್ ಇವೆ. ಒಂದು ಹಳೇ ಟ್ರ್ಯಾಕ್ಟರ್ ಇದೆ. ಈಗ ಒಂದು ಸಣ್ಣ ಟಿಪ್ಪರ್ ಕೊಳ್ಳಲು ಹಣ ಮಂಜೂರಾಗಿದೆ. ಚರಂಡಿ ಹೂಳು, ಮನೆ ಒಡೆದ ಕಲ್ಲು-ಮಣ್ಣು, ಮರದ ರೆಂಬೆ, ಸಂತೆ ಕಸ ಎಲ್ಲಕ್ಕೂ ಅದೇ ಗಾಡಿ ಆಗಬೇಕು. ಕೆಲವು ಸದಸ್ಯರು ‘ಈಗಿರುವ ಆಟೋ ಟಿಪ್ಪರ್ ತರಹದ್ದೇ ಇನ್ನೆರಡು ತಗೊಳ್ಳಿ, ಡಬ್ಬಿ ಮಾತ್ರ ದೊಡ್ಡದಿರಲಿ’ ಅನ್ನುತ್ತಾರೆ. ಇನ್ನು ಕೆಲವರು ಎಲೆಕ್ಟ್ರಿಕ್ ಗಾಡಿ ಅನ್ನುತ್ತಾರೆ. ಯಾವುದು ಸರಿ? ಟೆಂಡರಿನಲ್ಲಿ ಏನು ಬರೆಯಬೇಕು?

ಉತ್ತರ: ನೀವು ಗಾಡಿ ಕೊಳ್ಳುವ ಮೊದಲೇ ಕೇಳಿದ್ದೀರಿ. ಅದು ದೊಡ್ಡ ಸಮಾಧಾನ. ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಗಾಡಿ ಬಂದು ಒಂದು ವರ್ಷ ಆದ ಮೇಲೆ, ಹಿಂದಿನ ಸ್ಪ್ರಿಂಗ್ ಪ್ಲೇಟು ಮುರಿದ ಮೇಲೆ ಬರುತ್ತವೆ.

ಮೊದಲು ನನ್ನ ಉತ್ತರ ಹೇಳಿಬಿಡುತ್ತೇನೆ. ಗಾಡಿ ಮತ್ತು ಲೋಡು ಸೇರಿ ಒಟ್ಟು ತೂಕ 7,500 ಕೆ.ಜಿ. ದಾಟದ, ಹಿಂದೆ ಜೋಡಿ ಟೈರಿರುವ, ಆರು ಚಕ್ರದ ಗಾಡಿ ತಗೊಳ್ಳಿ. ಅದರ ಮೇಲೆ ಸುಮಾರು 2.5 ಘನ ಮೀಟರಿನ ಡಬ್ಬಿ ಕೂರಿಸಿ. ಅದಕ್ಕಿಂತ ದೊಡ್ಡ ಡಬ್ಬಿ ಬೇಡ. ನೋಡಿದವರಿಗೆ ‘ಇಷ್ಟು ದೊಡ್ಡ ಗಾಡಿಗೆ ಇಷ್ಟೇ ಡಬ್ಬಿಯಾ’ ಅನ್ನಿಸಬೇಕು. ಹೂಳು ಹೊರುವ ಗಾಡಿ ಹಾಗೇ ಕಾಣಬೇಕು.

ಯಾಕೆ ಅಂತ ಹೇಳುತ್ತೇನೆ. ಇಲ್ಲಿ ಸ್ವಲ್ಪ ಲೆಕ್ಕ ಇದೆ. ಸಭೆಯಲ್ಲಿ ಸದಸ್ಯರ ಮುಂದೆ ಇಡಲು ನಿಮಗೆ ಇದೇ ಲೆಕ್ಕ ಬೇಕಾಗುತ್ತದೆ.

ನಾವು ಗಾಡಿ ನೋಡುವಾಗ ಕಣ್ಣಿಗೆ ಬೀಳುವುದು ಡಬ್ಬಿ. ಆದರೆ ಗಾಡಿ ಹೊರುವುದು ತೂಕವನ್ನು. ಒಂದು ಘನ ಮೀಟರ್ ಅಂದರೆ ಒಂದು ಮೀಟರ್ ಉದ್ದ, ಅಗಲ, ಎತ್ತರದ ಪೆಟ್ಟಿಗೆ. ಅದರಲ್ಲಿ ಪ್ಲಾಸ್ಟಿಕ್ಕು, ರಟ್ಟು ತುಂಬಿದರೆ ಸುಮಾರು 100 ಕೆ.ಜಿ. ಆಗುತ್ತದೆ. ಅಡುಗೆ ಮನೆಯ ಹಸಿ ಕಸ ತುಂಬಿದರೆ 400ರಿಂದ 600 ಕೆ.ಜಿ. ಮನೆ ಒಡೆದ ಇಟ್ಟಿಗೆ, ಗಾರೆ ತುಂಬಿದರೆ 1,200ರಿಂದ 1,600 ಕೆ.ಜಿ. ಈಗ ಚರಂಡಿಯಿಂದ ಆಗ ತಾನೇ ಎತ್ತಿದ ಹೂಳು ತುಂಬಿ ನೋಡಿ. 1,600ರಿಂದ 1,900 ಕೆ.ಜಿ.! ಅದೇ ಪೆಟ್ಟಿಗೆ, ಅದೇ ಗಾತ್ರ. ತೂಕ ಮಾತ್ರ ಹದಿನೇಳು, ಹದಿನೆಂಟು ಪಟ್ಟು ಜಾಸ್ತಿ.

ನಿಮ್ಮ ಆಟೋ ಟಿಪ್ಪರಿಗೆ ಈ ಲೆಕ್ಕ ಹಾಕಿ. 2005ರಲ್ಲಿ ಟಾಟಾ ಏಸ್ ಬಂದಾಗಿನಿಂದ ನಮ್ಮ ಊರುಗಳಲ್ಲಿ ಕಸದ ಗಾಡಿ ಅಂದರೆ ಆ ಅಳತೆಯ ಗಾಡಿಯೇ. ಒಂದೂವರೆ ಮೀಟರ್ ಅಗಲ. ಎಂಥ ಓಣಿಗೂ ನುಗ್ಗುತ್ತದೆ. ಮನೆ ಮನೆ ಕಸಕ್ಕೆ ಅದು ಒಳ್ಳೆಯ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಆ ವರ್ಗದ ಗಾಡಿಯ ಪುಸ್ತಕದಲ್ಲಿ 750 ಕೆ.ಜಿ. ಹೊರುತ್ತದೆ ಅಂತ ಇರುತ್ತದೆ. ಆದರೆ ಅದು ಮಾಮೂಲಿ ಹಗುರ ಬಾಡಿ ಇದ್ದಾಗಿನ ಲೆಕ್ಕ. ಅದನ್ನು ತೆಗೆದು ಉಕ್ಕಿನ ಡಬ್ಬಿ, ಅದನ್ನು ಎತ್ತುವ ಹೈಡ್ರಾಲಿಕ್ ಜಾಕಿ, ಪಂಪು, ಎಣ್ಣೆ ಟ್ಯಾಂಕು, ಕಸದ ನೀರು ಹಿಡಿಯುವ ತೊಟ್ಟಿ ಎಲ್ಲ ಕೂರಿಸಿದರೆ ಗಾಡಿಯ ಸ್ವಂತ ತೂಕವೇ ನೂರು, ಇನ್ನೂರು ಕೆ.ಜಿ. ಏರುತ್ತದೆ. ಹಾಗಾಗಿ ನಿಜವಾಗಿ ಹೊರಬಹುದಾದದ್ದು 600 ಕೆ.ಜಿ. ಆಸುಪಾಸು.

ಸಾಮಾನ್ಯವಾಗಿ ಇದರ ಡಬ್ಬಿ 1.8 ಘನ ಮೀಟರ್ ಇರುತ್ತದೆ. ಹಸಿ ಕಸ ಕಂಠಪೂರ್ತಿ ತುಂಬಿದರೆ ಆಗಲೇ 800 ಕೆ.ಜಿ. ಮಿತಿ ಮೀರಿತು. ಅದೇ ಡಬ್ಬಿಗೆ ಹೂಳು ತುಂಬಿದರೆ? ಮೂರು ಟನ್! ಹೊರಬೇಕಾದ ತೂಕದ ಐದು ಪಟ್ಟು. 600 ಕೆ.ಜಿ. ಮಿತಿಯೊಳಗೆ ಹೂಳು ಹೊರಬೇಕು ಅಂದರೆ ಸುಮಾರು 25 ಬಾಂಡ್ಲಿ ಅಷ್ಟೇ ಹಾಕಬಹುದು. ಡಬ್ಬಿಯ ತಳದಲ್ಲಿ ಒಂದು ಗೇಣು ಎತ್ತರ ಕೂಡ ಆಗುವುದಿಲ್ಲ. ಮುಕ್ಕಾಲು ಪಾಲು ಖಾಲಿ ಕಾಣುವ ಡಬ್ಬಿಯನ್ನು ನೋಡಿ ‘ಸಾಕು, ನಿಲ್ಲಿಸಿ’ ಅನ್ನುವ ಮೇಸ್ತ್ರಿಯನ್ನು ನಾನು ಈವರೆಗೆ ನೋಡಿಲ್ಲ. ಅದು ಮೇಸ್ತ್ರಿಯ ತಪ್ಪೂ ಅಲ್ಲ. ಡಬ್ಬಿ ಖಾಲಿ ಕಂಡರೆ ಯಾರೇ ಆದರೂ ತುಂಬುತ್ತಾರೆ.

ಇದಕ್ಕೇ ನಾನು ಡಬ್ಬಿ ಚಿಕ್ಕದಿರಲಿ ಅನ್ನುವುದು. ತುಂಬಿದಾಗ ಗಾಡಿಯ ಮಿತಿಗೆ ಸರಿಯಾಗಿ ನಿಲ್ಲುವಷ್ಟೇ ಡಬ್ಬಿ ಇದ್ದರೆ ಯಾರೂ ತೂಕ ನೋಡಬೇಕಿಲ್ಲ. ಡಬ್ಬಿಯೇ ತಕ್ಕಡಿ ಆಗುತ್ತದೆ.

7,500 ಕೆ.ಜಿ. ಒಳಗಿನ ಗಾಡಿಯಲ್ಲಿ ಡಬ್ಬಿ, ಜಾಕಿ ಸೇರಿ ಗಾಡಿಯ ಸ್ವಂತ ತೂಕ ಸುಮಾರು ಮೂರೂಕಾಲು, ಮೂರೂವರೆ ಟನ್ ಬರುತ್ತದೆ. ಉಳಿದದ್ದು ನಾಲ್ಕು ಟನ್. ಹೂಳನ್ನು ಘನ ಮೀಟರಿಗೆ 1,700 ಕೆ.ಜಿ. ಅಂತ ಹಿಡಿದರೆ ನಾಲ್ಕು ಟನ್ ಅಂದರೆ 2.35 ಘನ ಮೀಟರ್. ಅದಕ್ಕೇ 2.5 ಅಂದೆ. ಮೂರು ಮೀಟರ್ ಉದ್ದ, 1.85 ಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರ ಇಟ್ಟರೆ ಸರಿಯಾಗಿ 2.5 ಆಗುತ್ತದೆ. ಒಳಗೆ, ಮೇಲಿನ ಅಂಚಿನಿಂದ ನಾಲ್ಕು ಬೆರಳು ಕೆಳಗೆ ಒಂದು ಕೆಂಪು ಗೆರೆ ಎಳೆಸಿ. ಹೂಳಿದ್ದರೆ ಗೆರೆವರೆಗೆ. ಇಟ್ಟಿಗೆ ಚೂರಾದರೆ ಅಂಚಿನವರೆಗೆ. ಓದು ಬಾರದವರಿಗೂ ತಿಳಿಯುತ್ತದೆ.

ಇದಕ್ಕಿಂತ ಚಿಕ್ಕದು ಸಾಲದೇ ಅಂತ ನೀವು ಕೇಳಬಹುದು. ಟಾಟಾ 407 ಅಳತೆಯ, ಒಟ್ಟು ತೂಕ ಐದು ಟನ್ ಒಳಗಿನ ಗಾಡಿಯೂ ಕೆಟ್ಟದ್ದಲ್ಲ. ಡಬ್ಬಿ ಕೂರಿಸಿದ ಮೇಲೆ ಅದು ಎರಡೂಕಾಲು ಟನ್ ಹತ್ತಿರ ಹೊರುತ್ತದೆ. ಹೂಳಿನಲ್ಲಿ ಅದು 1.3 ಘನ ಮೀಟರ್. ನಿಮ್ಮ ಓಣಿಗಳು ತೀರಾ ಕಿರಿದಾಗಿದ್ದರೆ ಅದನ್ನೇ ತಗೊಳ್ಳಿ. ಓಣಿ ಕಿರಿದೋ ಅಲ್ಲವೋ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. 2.2 ಮೀಟರ್ ಉದ್ದದ ಒಂದು ಬಿದಿರು ಗಳು ಕತ್ತರಿಸಿ. ಬೆಳಗ್ಗೆ ಏಳು ಗಂಟೆಗೆ, ಬೈಕುಗಳು ಮನೆ ಮುಂದೆ ನಿಂತಿರುವ ಹೊತ್ತಿಗೆ, ಇಬ್ಬರು ಅದನ್ನು ಅಡ್ಡ ಹಿಡಿದು ಚರಂಡಿ ಇರುವ ಬೀದಿಗಳಲ್ಲಿ ನಡೆಯಿರಿ. ಎಲ್ಲಿ ತಾಗುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಿ. ನಾಲ್ಕೈದು ಓಣಿ ಮಾತ್ರ ತಾಗಿದರೆ ಚಿಂತೆಯಿಲ್ಲ. ಅಲ್ಲಿಂದ ತಳ್ಳುಗಾಡಿಯಲ್ಲಿ ಮುಖ್ಯ ಬೀದಿಗೆ ತರಬಹುದು. ಅರ್ಧ ಊರೇ ತಾಗಿದರೆ ಚಿಕ್ಕ ಗಾಡಿಗೆ ಹೋಗಿ. ತಿರುವುಗಳಲ್ಲಿ ಮಾತ್ರ ಗಳು ಸಾಲದು. ಅಲ್ಲಿಗೆ ಅದೇ ಅಳತೆಯ ಗಾಡಿಯೊಂದನ್ನು ಅರ್ಧ ದಿನಕ್ಕೆ ಬಾಡಿಗೆಗೆ ತಂದು ಓಡಿಸಿ ನೋಡಿ.

7,500 ಅನ್ನುವ ಸಂಖ್ಯೆಯನ್ನು ನಾನು ಸುಮ್ನೆ ಹಿಡಿದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಲಘು ವಾಹನದ ಗೆರೆ ಇರುವುದೇ ಅಲ್ಲಿ. ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು 7,500 ಕೆ.ಜಿ. ಒಳಗಿನ ಸಾಗಣೆ ವಾಹನವನ್ನೂ ಓಡಿಸಬಹುದು, ಬೇರೆ ಅನುಮೋದನೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಸ್ಪಷ್ಟವಾಗಿ ಹೇಳಿದೆ. ಸಣ್ಣ ಊರಿಗೆ ಇದು ಬಹಳ ದೊಡ್ಡ ಅನುಕೂಲ. ನಿಮ್ಮ ಆಟೋ ಟಿಪ್ಪರ್ ಚಾಲಕರಲ್ಲಿ ಯಾರು ಬೇಕಾದರೂ ಈ ಗಾಡಿ ಹತ್ತಬಹುದು. ಒಬ್ಬರು ರಜೆ ಹಾಕಿದರೆ ಗಾಡಿ ನಿಲ್ಲುವುದಿಲ್ಲ. 7,500 ದಾಟಿತೋ, ಬೇರೆ ಲೈಸೆನ್ಸಿನ ಚಾಲಕರನ್ನು ಹುಡುಕಬೇಕು. ಹಾಗಂತ ಲೈಸೆನ್ಸ್ ಇದ್ದ ಮಾತ್ರಕ್ಕೆ ಕೈಗೆ ಕೀಲಿ ಕೊಡಬೇಡಿ. ಡಬ್ಬಿ ಎತ್ತುವುದು ಬೇರೆಯದೇ ಕೆಲಸ. ಅದಕ್ಕೆ ಬರುತ್ತೇನೆ.

ಓವರ್‌ಲೋಡ್ ಬಗ್ಗೆ ಇನ್ನೊಂದು ಮಾತು. ಅದಕ್ಕೆ ದಂಡ 20,000 ರೂಪಾಯಿ, ಮೇಲಿಂದ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. 2019ರ ತಿದ್ದುಪಡಿಯಲ್ಲಿ ಬಂದದ್ದು. ಪುರಸಭೆಯ ಗಾಡಿಯನ್ನು ಯಾರು ಹಿಡಿಯುತ್ತಾರೆ ಅಂತ ಕೆಲವರು ಕೇಳುತ್ತಾರೆ. ದಂಡ ಬೀಳದೇ ಇರಬಹುದು. ಆದರೆ ಓವರ್‌ಲೋಡ್ ಆದ ಗಾಡಿಯ ಬ್ರೇಕು ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ನಿಮ್ಮದು ಮಲೆನಾಡು. ಊರ ತುಂಬ ಏರಿಳಿತ. ಕೆಳಗೆ ಶಾಲೆ ಬಿಡುವ ಹೊತ್ತು ಅಂತ ಗಾಡಿಗೆ ಗೊತ್ತಿರುವುದಿಲ್ಲ.

ಈಗ ಆಟೋ ಟಿಪ್ಪರ್ ಇನ್ನೆರಡು ತಗೊಳ್ಳೋಣ ಅನ್ನುವ ಸಲಹೆಗೆ ಬರೋಣ. ಸಣ್ಣ ಊರುಗಳಲ್ಲಿ ಒಬ್ಬರಿಗೆ ದಿನಕ್ಕೆ 300 ಗ್ರಾಂ ಕಸ ಅಂತ ಹಿಡಿದರೆ ನಿಮ್ಮ ಊರಿಗೆ 7.8 ಟನ್. ಆರು ಗಾಡಿ, ದಿನಕ್ಕೆ ಎರಡು ಟ್ರಿಪ್, ಟ್ರಿಪ್ಪಿಗೆ 600 ಕೆ.ಜಿ. ಅಂದರೆ 7.2 ಟನ್. ಒಂದು ಗಾಡಿ ಮೂರನೇ ಟ್ರಿಪ್ ಹೊಡೆದರೆ ಮುಗಿಯಿತು. ಅಂದರೆ ಮನೆ ಕಸಕ್ಕೆ ನಿಮಗೆ ಗಾಡಿ ಕೊರತೆ ಇಲ್ಲ. ಕೊರತೆ ಇರುವುದು ಭಾರದ ಕೆಲಸಕ್ಕೆ. ಇನ್ನೆರಡು ಹಗುರ ಗಾಡಿ ಬಂದರೆ ಏನಾಗುತ್ತದೆ ಗೊತ್ತಾ? ಏಪ್ರಿಲ್, ಮೇನಲ್ಲಿ ಮಳೆಗೆ ಮುಂಚೆ ಚರಂಡಿ ಎತ್ತುವಾಗ ಅವಕ್ಕೇ ಹೂಳು ತುಂಬುತ್ತಾರೆ. ನಾನು ಹಿಂದೆ ಕೆಲಸಕ್ಕೆ ಹೋಗುತ್ತಿದ್ದ ಒಂದು ಊರಿನಲ್ಲಿ ಹೀಗೇ ಆಯಿತು. ‘ದೊಡ್ಡ ಡಬ್ಬಿ’ ಅಂತ ಹೇಳಿ 2.2 ಘನ ಮೀಟರ್ ಕೂರಿಸಿದ ಎರಡು ಗಾಡಿ. ಜೆಸಿಬಿ ತಂದು ಹೂಳು ಎತ್ತಿದರು. ಜೆಸಿಬಿಯ ಮುಂದಿನ ದೊಡ್ಡ ಬಕೆಟ್ ಒಂದು ಸಲಕ್ಕೆ ಒಂದು ಘನ ಮೀಟರಿಗೂ ಜಾಸ್ತಿ ಹಿಡಿಯುತ್ತದೆ. ಅಂದರೆ ಒಂದೇ ಬಕೆಟ್ ಸುರಿದರೆ ಒಂದೂಮುಕ್ಕಾಲು ಟನ್ ಆ ಪುಟ್ಟ ಗಾಡಿಯ ಬೆನ್ನಿಗೆ ಬೀಳುತ್ತದೆ. ಮೊದಲ ಮಳೆಗಾಲ ಮುಗಿಯುವ ಮೊದಲೇ ಎರಡೂ ಗಾಡಿಯ ಪ್ಲೇಟು ಕತ್ತರಿಸಿದವು, ಒಂದರ ಚಾಸಿ, ಅಂದರೆ ತಳದ ಚೌಕಟ್ಟು, ಬಿರುಕು ಬಿಟ್ಟಿತು. ಆಮೇಲೆ ಆ ಬೀದಿಗಳಲ್ಲಿ ಮೂರು ವಾರ ಮನೆ ಕಸವೂ ಎತ್ತಲಿಲ್ಲ. ಹೂಳಿಗೆ ಗಾಡಿ ಕೊಟ್ಟಿದ್ದಕ್ಕೆ ಕಸಕ್ಕೂ ಗಾಡಿ ಇಲ್ಲದ ಹಾಗಾಯಿತು.

ನಿಮ್ಮ ಟ್ರ್ಯಾಕ್ಟರನ್ನು ಮಾತ್ರ ಬೈಯಬೇಡಿ. ಎತ್ತಿ ಸುರಿಯುವ ಟ್ರಾಲಿ ಇದ್ದರೆ ಹೂಳಿಗೆ ಅದು ಒಳ್ಳೆಯ ಜೋಡಿ. ಹಿಂದಕ್ಕೆ ತೆಗೆಯುವುದು ಕಷ್ಟ, ನಿಧಾನ, ಅಷ್ಟೇ. ಆದರೆ ಅದರ ವಯಸ್ಸು ನೋಡಿ. 2023ರ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ. ಪುರಸಭೆ, ನಗರಸಭೆ ಗಾಡಿಗಳೂ ಅದರಲ್ಲಿ ಸೇರುತ್ತವೆ. ಹೊಸ ಗಾಡಿ ಬರುವ ವರ್ಷವೇ ಹಳೆಯದು ಹೋಗುವುದಾದರೆ ನಿಮ್ಮ ಲೆಕ್ಕ ಬದಲಾಗುತ್ತದೆ.

ಇನ್ನು ‘ಎಲ್ಲಕ್ಕೂ ಅದೇ ಗಾಡಿ’ ಅನ್ನುವ ವಿಚಾರ. ಹೂಳು, ಕಲ್ಲು-ಮಣ್ಣಿಗೆ ಸರಿಯಾದ ಗಾಡಿ ಆರಿಸಿದ ಮೇಲೆ ರೆಂಬೆ-ಕೊಂಬೆ ಹೊರುವುದು ಸುಲಭ. ರೆಂಬೆ ಹಗುರ, ಜಾಗ ಮಾತ್ರ ಜಾಸ್ತಿ ಬೇಕು. ಡಬ್ಬಿಯ ಅಂಚಿನಲ್ಲಿ ಗೂಟ ಸಿಗಿಸುವ ತೂತು ಇಡಿಸಿ, ಮುಕ್ಕಾಲು-ಒಂದು ಮೀಟರ್ ಎತ್ತರದ ಜಾಲರಿ ಚೌಕಟ್ಟು ಮಾಡಿಸಿ. ಬೇಕಾದಾಗ ಸಿಗಿಸುವುದು, ಬೇಡವಾದಾಗ ತೆಗೆದು ಯಾರ್ಡಿನಲ್ಲಿ ಒರಗಿಸುವುದು. ಅದನ್ನು ಬೆಸುಗೆ ಹಾಕಿ ಕಾಯಂ ಮಾಡಬೇಡಿ. ಮಾಡಿದರೆ ಒಂದಲ್ಲ ಒಂದು ದಿನ ಅದರ ತುದಿವರೆಗೆ ಮಣ್ಣು ಏರುತ್ತದೆ.

ಸಂತೆ ಕಸಕ್ಕೆ ಬೇರೆ ಸಮಸ್ಯೆ. ಅದರಲ್ಲಿ ನೀರು ಜಾಸ್ತಿ. ಕೊಳೆತ ತರಕಾರಿ, ಹಣ್ಣಿನ ನೀರು ಹುಳಿ. ಉಕ್ಕನ್ನು ತಿನ್ನುತ್ತದೆ, ದಾರಿಯುದ್ದಕ್ಕೂ ಸೋರುತ್ತದೆ, ಬೈಕಿನವರು ಜಾರಿ ಬೀಳುತ್ತಾರೆ. ಹಾಗಾಗಿ ಹಿಂದಿನ ಬಾಗಿಲಿಗೆ ರಬ್ಬರ್ ಪಟ್ಟಿ ಬೇಕು, ಕೆಳಗೆ ನೀರು ಹಿಡಿಯುವ ಸಣ್ಣ ತೊಟ್ಟಿ ಮತ್ತು ನಲ್ಲಿ ಬೇಕು. ಹೂಳಿಗೂ ಇವೇ ಬೇಕು. ಮೇಲೆ ಟಾರ್ಪಾಲು ಕಡ್ಡಾಯ. ಹೊದಿಸದ ಗಾಡಿಯಲ್ಲಿ ಕಸ ಸಾಗಿಸಬಾರದು ಅಂತ 2016ರ ಘನ ತ್ಯಾಜ್ಯ ನಿಯಮಗಳಲ್ಲೇ ಬಂದಿತ್ತು. ಸಂತೆ ದಿನ ಹೂಳಿನ ಕೆಲಸ ಇಟ್ಟುಕೊಳ್ಳಬೇಡಿ. ಹೂಳು ಮೆತ್ತಿದ ಡಬ್ಬಿಯಲ್ಲಿ ಹಸಿ ಕಸ ಹೋದರೆ ಗೊಬ್ಬರದ ಗುಂಡಿಯೇ ಕೆಡುತ್ತದೆ. ಚರಂಡಿ ಹೂಳಿನಲ್ಲಿ ಗಾಜು, ಬ್ಲೇಡು, ಎಣ್ಣೆ ಎಲ್ಲ ಇರುತ್ತದೆ.

ಡಬ್ಬಿ ಎತ್ತುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ಜೀವದ ಪ್ರಶ್ನೆ ಇದೆ. ಸ್ವಲ್ಪ ನಿಧಾನವಾಗಿ ಓದಿ.

ಒಣ ಮರಳು ಎತ್ತಿದ ಕೂಡಲೇ ಜಾರುತ್ತದೆ. ಹೂಳು ಹಾಗಲ್ಲ. ಅದು ಅಂಟು. ಡಬ್ಬಿ 30 ಡಿಗ್ರಿ ಏರಿದರೂ ಅಲ್ಲಾಡುವುದಿಲ್ಲ, 40 ಏರಿದರೂ ಇಲ್ಲ. ಇಡೀ ಭಾರ ಮೇಲೆ ಹೋಗಿ ನಿಂತಿರುತ್ತದೆ. ಆಗ ಒಂದು ಪಕ್ಕದ ಚಕ್ರ ಮೆತ್ತಗಿನ ನೆಲದಲ್ಲಿ ಎರಡು ಇಂಚು ಹೂತರೂ ಸಾಕು, ಗಾಡಿ ಮಗುಚುತ್ತದೆ. ನನ್ನ ಕಣ್ಣ ಮುಂದೆಯೇ ಒಮ್ಮೆ ಆಗಿದೆ. ಜೂನ್ ತಿಂಗಳು, ಕಸ ಸುರಿಯುವ ಜಾಗ, ಹಿಂದಿನ ರಾತ್ರಿ ಮಳೆ. ಡಬ್ಬಿಯ ಎಡಗಡೆಯ ಹೂಳು ಜಾರಿತು, ಬಲಗಡೆಯದು ಅಂಟಿಕೊಂಡಿತು. ಗಾಡಿ ಬಲಕ್ಕೆ ಉರುಳಿತು. ಚಾಲಕನ ತೋಳು ಎರಡು ಕಡೆ ಮುರಿಯಿತು. ಪಕ್ಕದಲ್ಲಿ ಸಲಿಕೆ ಹಿಡಿದು ನಿಂತಿದ್ದ ಹುಡುಗ ಎರಡೇ ಹೆಜ್ಜೆಯ ಅಂತರದಲ್ಲಿ ಉಳಿದ. ಆ ಗಾಡಿಯ ಡಬ್ಬಿ ಎತ್ತರವಾಗಿತ್ತು, ಒಳಗೆ ಅಡ್ಡ ಪಟ್ಟಿಗಳಿದ್ದವು, ಏಳುತ್ತಿದ್ದದ್ದು 42 ಡಿಗ್ರಿ ಮಾತ್ರ. ಮೂರೂ ತಪ್ಪು.

ಅದಕ್ಕೇ ಟೆಂಡರಿನಲ್ಲಿ ಇವನ್ನು ಬರೆಯಿರಿ. ಡಬ್ಬಿ ಕನಿಷ್ಠ 50 ಡಿಗ್ರಿ ಏಳಬೇಕು. ಒಳಗಡೆ ಯಾವ ಪಟ್ಟಿಯೂ ಇರಬಾರದು, ಬಲಪಡಿಸುವ ಪಟ್ಟಿಗಳೆಲ್ಲ ಹೊರಗಿರಲಿ. ಒಳ ಮೂಲೆಗಳು ಚೂಪಾಗಿರದೆ ಬಾಗಿರಲಿ. ಹಿಂದೆ ಹೋದ ಹಾಗೆ ಡಬ್ಬಿ ಎರಡು ಮೂರು ಸೆಂಟಿಮೀಟರ್ ಅಗಲವಾಗಲಿ, ಆಗ ಹೂಳು ಸಿಕ್ಕಿಕೊಳ್ಳುವುದಿಲ್ಲ. ಜಾಕಿಯ ಜೊತೆ ಕತ್ತರಿಯಂಥ ತೋಳು ಇರುವ ವ್ಯವಸ್ಥೆ ಕೇಳಿ. ಡಬ್ಬಿ ಪಕ್ಕಕ್ಕೆ ಓಲಾಡುವುದನ್ನು ಅದು ತಡೆಯುತ್ತದೆ. ಎಣ್ಣೆ ಪೈಪು ಒಡೆದರೂ ಡಬ್ಬಿ ಧಡ್ ಅಂತ ಬೀಳದಂತೆ ತಡೆಯುವ ಲಾಕ್ ವಾಲ್ವ್ ಜಾಕಿಯ ಮೇಲೇ ಇರಬೇಕು. ಡಬ್ಬಿ ಎತ್ತಿ ಕೆಳಗೆ ರಿಪೇರಿ ಮಾಡುವಾಗ ಕೊಡಲು ಒಂದು ಕಬ್ಬಿಣದ ಆಧಾರ ಗಾಡಿಗೇ ಜೋಡಿಸಿರಬೇಕು. ಮರದ ತುಂಡು ಕೊಟ್ಟು ಒಳಗೆ ತಲೆ ಹಾಕುವ ಅಭ್ಯಾಸ ನಮ್ಮ ಯಾರ್ಡುಗಳಲ್ಲಿ ಇನ್ನೂ ಇದೆ. ದಯವಿಟ್ಟು ನಿಮ್ಮಲ್ಲಿ ಅದನ್ನು ಮೊದಲ ದಿನದಿಂದಲೇ ನಿಲ್ಲಿಸಿ.

ಗೇರ್ ಬಾಕ್ಸಿನಿಂದ ಪಂಪಿಗೆ ಶಕ್ತಿ ಕೊಡುವ ಪಿಟಿಒ ಅನ್ನುವ ಭಾಗ ಇರುತ್ತದೆ. ಅದನ್ನು ಬಿಡಿಸದೆ ಗಾಡಿ ಓಡಿಸಿದರೆ ಪಂಪು ಸುಡುತ್ತದೆ, ಕೆಲವು ಸಲ ಡಬ್ಬಿ ತಾನೇ ಏಳುತ್ತದೆ. ಎದ್ದ ಡಬ್ಬಿ ಕರೆಂಟ್ ತಂತಿಗೆ ತಾಗಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಹಾಗಾಗಿ ಪಿಟಿಒ ಹಾಕಿದ್ದರೆ ಅಥವಾ ಡಬ್ಬಿ ಎದ್ದಿದ್ದರೆ ಕ್ಯಾಬಿನ್ನಿನಲ್ಲಿ ಕೆಂಪು ದೀಪ ಹತ್ತಿ ಬಜರ್ ಕೂಗಬೇಕು. ಇದಕ್ಕೆ ಖರ್ಚು ಬಹಳ ಕಡಿಮೆ.

ಉಕ್ಕಿನ ದಪ್ಪದಲ್ಲಿ ಆಸೆ ಬೇಡ. ಜಾಸ್ತಿ ದಪ್ಪ ಇದ್ದರೆ ಗಟ್ಟಿ ಅನ್ನಿಸುತ್ತದೆ. ಆದರೆ ಒಂದು ಮಿಲಿಮೀಟರ್ ದಪ್ಪ ಹೆಚ್ಚಿದರೆ ಚದರ ಮೀಟರಿಗೆ ಸುಮಾರು 8 ಕೆ.ಜಿ. ಏರುತ್ತದೆ. ಆ ತೂಕ ನಿಮ್ಮ ಲೋಡಿನಿಂದಲೇ ಹೋಗುತ್ತದೆ. ತಳ 4 ಮಿ.ಮೀ., ಪಕ್ಕ 3 ಮಿ.ಮೀ. ಸಾಕು. ಕಲ್ಲು-ಮಣ್ಣಿನ ಕೆಲಸವೇ ಹೆಚ್ಚಿದ್ದರೆ ತಳ ಮಾತ್ರ 5 ಮಾಡಿ. ಒಳಗೆ ಎಪಾಕ್ಸಿ ಬಣ್ಣ. ಪ್ರತಿ ಸಂಜೆ ನೀರು ಹೊಡೆದು ತೊಳೆಯುವುದು ಬಣ್ಣಕ್ಕಿಂತ ದೊಡ್ಡ ರಕ್ಷಣೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ, ಆದರೆ ಟೆಂಡರುಗಳಲ್ಲಿ ನಾನು ಅಪರೂಪಕ್ಕೆ ಕಂಡಿರುವ ಮಾತು. ಈ ಗಾಡಿಗೆ ತುಂಬುವವರು ಯಾರು? ಜೆಸಿಬಿ ಎಲ್ಲ ಬೀದಿಗೂ ಬರುವುದಿಲ್ಲ. ಹೆಚ್ಚಿನ ದಿನ ಪೌರಕಾರ್ಮಿಕರೇ ಬಾಂಡ್ಲಿಯಲ್ಲಿ ಎತ್ತಿ ಹಾಕುತ್ತಾರೆ. ಆರು ಚಕ್ರದ ಗಾಡಿಯ ತಳ ನೆಲದಿಂದ ಒಂದು ಮೀಟರ್ ಎತ್ತರ ಇರುತ್ತದೆ. ಅದರ ಮೇಲೆ ಅರ್ಧ ಮೀಟರ್ ಪಕ್ಕದ ಗೋಡೆ. ಅಂದರೆ ಒಂದೂವರೆ ಮೀಟರ್. ಹೆಚ್ಚಿನ ಮಹಿಳೆಯರಿಗೆ ಅದು ಭುಜಕ್ಕಿಂತ ಮೇಲೆ. ಒಂದು ಬಾಂಡ್ಲಿ ಒದ್ದೆ ಹೂಳು 20 ಕೆ.ಜಿ. ದಾಟುತ್ತದೆ. ಅದನ್ನು ಭುಜದ ಮೇಲಕ್ಕೆ, ದಿನಕ್ಕೆ ನೂರಾರು ಸಲ, ಮುಖದ ಮೇಲೆ ಕೊಳಕು ನೀರು ಸುರಿಸಿಕೊಳ್ಳುತ್ತಾ ಎತ್ತಬೇಕು. ಇದು ತಪ್ಪು. ಗಾಡಿ ಆರಿಸುವಾಗಲೇ ಇದನ್ನು ಸರಿ ಮಾಡಬಹುದು. ಎಡಗಡೆ, ಅಂದರೆ ಚರಂಡಿ ಕಡೆಯ ಪಕ್ಕದ ಗೋಡೆ ಎರಡು ತುಂಡಾಗಿ ಕೆಳಗೆ ಮಡಚುವಂತಿರಲಿ. ತಳದ ಎತ್ತರಕ್ಕೇ, ಎದೆ ಮಟ್ಟದಲ್ಲೇ ಬಾಂಡ್ಲಿ ಇಡಬಹುದು. ಮೇಲೆ ಇಬ್ಬರು ನಿಂತು ಎಳೆದುಕೊಂಡರೆ ಕೆಲಸ ಅರ್ಧ ಆಗುತ್ತದೆ. ಹತ್ತಲು ಒಂದು ಮೆಟ್ಟಿಲು, ಹಿಡಿಯಲು ಒಂದು ಕಂಬಿ. ನಾಲ್ಕು ಸಲಿಕೆ, ಗಂಬೂಟು, ಕೈಗವಸು, ಕುಡಿಯುವ ನೀರಿನ ಕ್ಯಾನ್ ಇಡಲು ಕ್ಯಾಬಿನ್ ಹಿಂದೆ ಒಂದು ಪೆಟ್ಟಿಗೆ. ಸ್ಪೆಸಿಫಿಕೇಶನ್ ಅಂತಿಮ ಮಾಡುವ ಮೊದಲು ನಿಮ್ಮ ಪೌರಕಾರ್ಮಿಕರಲ್ಲಿ ನಾಲ್ಕು ಜನರನ್ನು, ಚಾಲಕರಲ್ಲಿ ಇಬ್ಬರನ್ನು ಕೂರಿಸಿಕೊಂಡು ಅರ್ಧ ಗಂಟೆ ಕೇಳಿ. ನನಗೆ ಗೊತ್ತಿರುವ ಒಳ್ಳೆಯ ತಿದ್ದುಪಡಿಗಳೆಲ್ಲ ಅಂಥ ಅರ್ಧ ಗಂಟೆಗಳಲ್ಲಿ ಸಿಕ್ಕಿದ್ದು.

ಎತ್ತಿದ ಹೂಳನ್ನು ಚರಂಡಿ ಪಕ್ಕ ಒಂದು ದಿನ ಬಿಟ್ಟು ನೀರು ಇಳಿದ ಮೇಲೆ ತುಂಬಿದರೆ ಟ್ರಿಪ್ಪು ಕಡಿಮೆಯಾಗುತ್ತದೆ. ಆದರೆ ಒಂದೇ ದಿನ. ಎರಡು ಮೂರು ದಿನ ಬಿಟ್ಟರೆ ಮಳೆ ಬಂದು ಅದೇ ಚರಂಡಿಗೆ ವಾಪಸ್ ಹೋಗುತ್ತದೆ, ಅಲ್ವಾ? ಅದನ್ನು ನಾವೆಲ್ಲ ನೋಡಿದ್ದೇವೆ.

ಚಾಲಕರ ಬಗ್ಗೆಯೂ ಒಂದು ಮಾತು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ವಾಹಿನಿ ಗಾಡಿಗಳನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಓಡಿಸುತ್ತಿದ್ದಾರೆ, ಬಹಳ ಚೆನ್ನಾಗಿ ಓಡಿಸುತ್ತಿದ್ದಾರೆ. ನಾಳೆ ನಿಮ್ಮ ಟಿಪ್ಪರಿಗೂ ಅವರು ಬರಬಹುದು, ಬರಲಿ. ಪವರ್ ಸ್ಟೀರಿಂಗ್, ಹಿಂದೆ ಮುಂದೆ ಸರಿಸಬಹುದಾದ ಸೀಟು, ಹಿಂದಿನ ಕ್ಯಾಮೆರಾ, ರಿವರ್ಸ್ ಬಜರ್ ಕೇಳಿ. ಗಂಡಸರಿಗೂ ಅದರಿಂದ ಒಳ್ಳೆಯದೇ.

ಎಲೆಕ್ಟ್ರಿಕ್ ವಿಚಾರ. ನಾನು ಅದರ ವಿರೋಧಿ ಅಲ್ಲ. ಮನೆ ಮನೆ ಕಸಕ್ಕೆ ಎಲೆಕ್ಟ್ರಿಕ್ ಗಾಡಿ ಹೇಳಿ ಮಾಡಿಸಿದ ಹಾಗಿದೆ. ದಿನಕ್ಕೆ 30-40 ಕಿಲೋಮೀಟರ್, ನಿಂತು ನಿಂತು ಹೋಗುವುದು, ರಾತ್ರಿ ಯಾರ್ಡಿನಲ್ಲಿ ಚಾರ್ಜ್. 2022ರಲ್ಲಿ ಬಂದ ಟಾಟಾ ಏಸ್ ಇವಿಯ ಮೊದಲ ಮಾದರಿಗೆ 21.3 ಕಿಲೋವ್ಯಾಟ್-ಅವರ್ ಬ್ಯಾಟರಿ, ಕಂಪನಿ ಹೇಳುವ ಓಟ 154 ಕಿ.ಮೀ., ಹೊರುವುದು 600 ಕೆ.ಜಿ. ಇದರಲ್ಲಿ ಡಬ್ಬಿ, ಜಾಕಿಯ ತೂಕ ಕಳೆಯಿರಿ. ಹೂಳಿಗೆ ಆಗುವ ಗಾಡಿ ಅಲ್ಲ ಅಂತ ನಿಮಗೇ ಕಾಣುತ್ತದೆ. ನಿಮ್ಮ ಆರು ಆಟೋ ಟಿಪ್ಪರಿನಲ್ಲಿ ಹಳೆಯದೊಂದು ಹೋದಾಗ ಅದರ ಜಾಗಕ್ಕೆ ಎಲೆಕ್ಟ್ರಿಕ್ ತನ್ನಿ. ಈ ಸಲದ ಹಣಕ್ಕೆ ಅದು ಬೇಡ.

ಡೀಸೆಲ್ಲಿನಲ್ಲಿ ಒಂದು ತೊಂದರೆ ಇದೆ, ಮೊದಲೇ ತಿಳಿದಿರಲಿ. 2020ರ ಏಪ್ರಿಲ್ 1ರಿಂದ ಬಂದಿರುವ ಬಿಎಸ್-6 ಹೊಗೆ ಮಾನದಂಡದ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಡಬೇಕು ಅಂದರೆ ಎಂಜಿನ್ ಸ್ವಲ್ಪ ಹೊತ್ತು ಬಿಸಿಯಾಗಿ ಓಡಬೇಕು. ಪುರಸಭೆ ಗಾಡಿ ಓಡುವುದೇ ಇನ್ನೂರು ಮೀಟರ್, ನಿಲ್ಲುವುದು ಅರ್ಧ ಗಂಟೆ. ಫಿಲ್ಟರ್ ಕಟ್ಟಿಕೊಳ್ಳುತ್ತದೆ, ದೀಪ ಹತ್ತುತ್ತದೆ, ಚಾಲಕರು ಗಮನಿಸುವುದಿಲ್ಲ, ಒಂದು ದಿನ ಎಂಜಿನ್ ಎಳೆಯುವುದೇ ಇಲ್ಲ. ನಿಂತಲ್ಲೇ ಮಸಿ ಸುಡುವ ಬಟನ್ ಇರುವ ಮಾದರಿ ಕೇಳಿ. ಆ ದೀಪ ಹತ್ತಿದರೆ ಏನು ಮಾಡಬೇಕು ಅಂತ ಕನ್ನಡದಲ್ಲಿ ಬರೆದು ಕ್ಯಾಬಿನ್ನಿನಲ್ಲಿ ಅಂಟಿಸಿ. ಸುಡುತ್ತಿರುವಾಗ ಮಧ್ಯದಲ್ಲಿ ಎಂಜಿನ್ ಆಫ್ ಮಾಡಬಾರದು. ಹೊಗೆ ಶುದ್ಧ ಮಾಡಲು ಯೂರಿಯಾ ದ್ರಾವಣ ಬೇಕಾಗುವ ಗಾಡಿಯಾದರೆ ಅದರ ಖರ್ಚನ್ನು ಬಜೆಟ್ಟಿನಲ್ಲಿ ಸೇರಿಸಿ. ಅದರ ಟ್ಯಾಂಕಿಗೆ ನೀರು ಹಾಕಿದರೆ ರಿಪೇರಿ ಲಕ್ಷದ ಮಾತಾಗಬಹುದು.

ಕೊನೆಗೆ ಟೆಂಡರಿನ ಭಾಷೆ. ಸರ್ಕಾರಿ ಖರೀದಿಗೆ ಇರುವ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆ ಪ್ರಕಾರ ಹೋಗುವಾಗ ಒಂದು ಕಂಪನಿಗೆ ಮಾತ್ರ ಹೊಂದುವಂತೆ ಬರೆಯಲು ಆಗುವುದಿಲ್ಲ, ಬರೆಯಲೂಬಾರದು. ಅದರ ಅಗತ್ಯವೂ ಇಲ್ಲ. ಪಕ್ಕದ ಊರಿನ ಹಳೇ ಟೆಂಡರ್ ನಕಲು ಮಾಡಬೇಡಿ. ಬದಲಿಗೆ ಈ ಒಂದು ವಾಕ್ಯ ಎಲ್ಲಕ್ಕಿಂತ ಮೇಲೆ ಇರಲಿ: ‘ಡಬ್ಬಿ, ಹೈಡ್ರಾಲಿಕ್, ತೊಟ್ಟಿ, ಹೆಚ್ಚುವರಿ ಚಕ್ರ ಎಲ್ಲ ಜೋಡಿಸಿದ ನಂತರ ಗಾಡಿ ಕನಿಷ್ಠ 3,900 ಕೆ.ಜಿ. ಹೊರಬೇಕು. ನೋಂದಾಯಿತ ಒಟ್ಟು ತೂಕ 7,500 ಕೆ.ಜಿ. ಮೀರಬಾರದು.’ ಡಬ್ಬಿ ಕಟ್ಟಿದ ಮೇಲೆ ಅಂತ ಬರೆಯದಿದ್ದರೆ ಎಲ್ಲರೂ ಬರೀ ಚಾಸಿಯ ಲೆಕ್ಕ ಕೊಡುತ್ತಾರೆ. ಎರಡನೆಯದು, ಗಾಡಿ ಮತ್ತು ಡಬ್ಬಿ ಎರಡಕ್ಕೂ ಒಬ್ಬರೇ ಜವಾಬ್ದಾರಿ ಹೊರಬೇಕು. ನಾನು ನೋಡಿಕೊಳ್ಳುತ್ತಿದ್ದ ಒಂದು ಗಾಡಿಯಲ್ಲಿ ಜಾಕಿ ಸೋರಿದಾಗ ಗಾಡಿ ಮಾರಿದವರು ಡಬ್ಬಿ ಕಟ್ಟಿದವರನ್ನು ತೋರಿಸಿದರು, ಅವರು ಇವರನ್ನು ತೋರಿಸಿದರು. ಗಾಡಿ ಎರಡು ತಿಂಗಳು ನಿಂತಿತು. ಮೂರನೆಯದು, ಸರ್ವಿಸ್ ಸೆಂಟರ್ ನಿಮ್ಮ ಊರಿನಿಂದ ಎಷ್ಟು ದೂರ ಅಂತ ಕೇಳಿ. ಘಾಟಿ ಇಳಿದು ಹೋಗಬೇಕಾದರೆ ಆ ದಿನದ ಕೆಲಸ ಹೋಯಿತು ಅಂತಲೇ ಲೆಕ್ಕ.

ಗಾಡಿ ಬಂದ ದಿನ ಪೂಜೆಗೆ ಮೊದಲು ವೇಬ್ರಿಡ್ಜಿಗೆ ಒಯ್ಯಿರಿ. ಖಾಲಿ ತೂಕದ ಚೀಟಿ ತಗೊಳ್ಳಿ. ಆಮೇಲೆ ನಿಜವಾದ ಹೂಳು ತುಂಬಿ ಮತ್ತೆ ತೂಗಿ. ಗಟ್ಟಿಯಾದ, ಸಮತಟ್ಟಾದ ನೆಲದಲ್ಲಿ ಮೂರು ಸಲ ಎತ್ತಿ ಸುರಿಸಿ. ಒಂದು ಸಲ ತುಂಬಿದ ಡಬ್ಬಿಯನ್ನು ಅರ್ಧಕ್ಕೆ ಎತ್ತಿ, ಸುತ್ತ ಯಾರೂ ನಿಲ್ಲದಂತೆ ನೋಡಿಕೊಂಡು, ಹತ್ತು ನಿಮಿಷ ಬಿಡಿ. ಸ್ವಲ್ಪವೂ ಇಳಿಯಬಾರದು. ಇಳಿದರೆ ಗಾಡಿ ಒಪ್ಪಿಕೊಳ್ಳಬೇಡಿ, ಯಾರು ಫೋನ್ ಮಾಡಿದರೂ.

ಟೆಂಡರಿಗೆ ಇನ್ನೂ ಸಮಯ ಇದೆ ಅಂತ ಕಾಣುತ್ತದೆ. ಹಾಗಾದರೆ ಈ ವಾರವೇ ನಿಮ್ಮ ಹಳೇ ಟ್ರ್ಯಾಕ್ಟರಿಗೆ ಒಂದು ಟ್ರಾಲಿ ಹೂಳು ತುಂಬಿಸಿ. ಟ್ರಾಲಿಯ ಉದ್ದ, ಅಗಲ, ಹೂಳಿನ ಎತ್ತರ ಟೇಪಿನಲ್ಲಿ ಅಳೆಯಿರಿ. ವೇಬ್ರಿಡ್ಜಿನಲ್ಲಿ ತುಂಬಿದ್ದನ್ನೂ ಖಾಲಿಯನ್ನೂ ತೂಗಿ. ಬೇರೆ ಬೇರೆ ವಾರ್ಡಿನಿಂದ ಮೂರು ಸಲ ಮಾಡಿ. ಒಂದು ಘನ ಮೀಟರಿಗೆ ನಿಮ್ಮ ಊರಿನ ಹೂಳು ಎಷ್ಟು ತೂಗುತ್ತದೆ ಅಂತ ನಿಖರವಾಗಿ ಸಿಗುತ್ತದೆ. ನಾನು 1,700 ಅಂತ ಹಿಡಿದ ಜಾಗದಲ್ಲಿ ಆ ಸಂಖ್ಯೆ ಹಾಕಿ, 3,900ನ್ನು ಅದರಿಂದ ಭಾಗಿಸಿ. ನಿಮ್ಮ ಡಬ್ಬಿ ಎಷ್ಟು ದೊಡ್ಡದಿರಬೇಕು ಅಂತ ಅಲ್ಲೇ ಗೊತ್ತಾಗುತ್ತದೆ.